ಕತೆಯ ಗಂಟು ಬಿಚ್ಚುವ ಆಟ

ನಮ್ಮ ಅಕ್ಕಿಆಲೂರು ಹಾನಗಲ್ಲು ತಾಲೂಕಿಗೆ ಸೇರಿದ ಊರು. ಆ ಹಾನಗಲ್ಲಿಗೆ ಹಳೆಯ ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿರುವಂತೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಉಂಟು. ಪಾಂಡವರು ಒಂದು ವರುಷ ವೇಷ ಮರೆಸಿಕೊಂಡು ಬಾಳಿದ ಪಟ್ಟಣ ಇದೇ ಎಂದು ಈ ಸೀಮೆಯವರು ಹೇಳಿಕೊಂಡು ಬಂದಿದ್ದಾರೆ. ರಾಜಸ್ಥಾನದ ಬೈರಾಟದವರೂ ಹಾಗೆಯೇ ಹೇಳುತ್ತಾರೆ. ಆ ವ್ಯಾಜ್ಯವನ್ನು ತೀರಿಸುವುದು ಇಲ್ಲಿಯ ಉದ್ದೇಶವಲ್ಲ. ಆ ಕತೆಯ ಕಟ್ಟೋಣವನ್ನು ನೋಡಿಕೊಂಡು, ಅಲ್ಲಿಂದ ಇಂದಿನ ಮಕ್ಕಳ ಒಂದು ಆಟದತ್ತ ನಿಮ್ಮ ಗಮನವನ್ನು ಸೆಳೆಯಬೇಕೆಂದಿದೆ.

ವಿರಾಟಪರ್ವವನ್ನು ಮಳೆ ಬರಲೆಂದು ಓದಿಸುವ ವಾಡಿಕೆ ನಮ್ಮಲ್ಲಿ ಉಂಟಷ್ಟೆ. ಅದನ್ನೇ ಪತ್ತೇದಾರಿ ಕತೆಯೆಂದು ಒಮ್ಮೆ ಓದಿ ನೋಡಿರಿ. ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಕೀಚಕನ ಕೊಲೆಯಾಗುತ್ತದೆ. ಕೊಂದವರು ತನ್ನ ಗಂಧರ್ವ ಪತಿಗಳೆಂದು ಸೈರಂಧ್ರಿ ಹೇಳುತ್ತಾಳೆ. ಪಾಂಡವರನ್ನು ಅರಸಿ ಹೋದ ದುರ್ಯೋಧನನ ಬೇಹಿನವರು ಬರಿಗೈಯಲ್ಲಿ ಮರಳುತ್ತಾರೆ; ಆದರೆ ಕೀಚಕ ಸತ್ತ ಸುದ್ದಿಯೊಂದನ್ನು ಹೊತ್ತು ತಂದಿರುತ್ತಾರೆ. ಅಂಥ ಬಲಶಾಲಿಯನ್ನು ಬಾಹುಬಲದಿಂದ ಕೊಲ್ಲಬಲ್ಲವರು ಯಾರು ಯಾರು? ಎಣಿಸುತ್ತ ಹೋದರೆ ಬೆರಳು ಭೀಮನಲ್ಲಿಗೆ ಬಂದು ನಿಲ್ಲುತ್ತದೆ. ಧರ್ಮರಾಯನಿರುವ ನಾಡಿನಲ್ಲಿ ಮಳೆಬೆಳೆ ಹುಲುಸಾಗಿರುತ್ತದೆಂದು ಭೀಷ್ಮರು ಇನ್ನೊಂದು ಕುರುಹನ್ನು ಕೊಡುತ್ತಾರೆ.

ಇಲ್ಲೊಂದು ಸೂಕ್ಷ್ಮವುಂಟು. ಕೊಂದವನು ಯಾರೆಂಬುದು ಗಮಕಿಯ ಮುಂದೆ ಕುಳಿತ ನಮಗೆಲ್ಲ ಮೊದಲೇ ಗೊತ್ತು. ತಿಳಿಯದೆ ತೊಳಲುವವನು ದುರ್ಯೋಧನ. ನಮ್ಮ ಹೆಣ್ಣುಮಕ್ಕಳು ಹೇಳುವ ಒಗಟಿನ ರೀತಿ ಇದಕ್ಕೆ ತಿರುವುಮುರುವು. ಅಲ್ಲಿ ಹೇಳುವವಳಿಗೆ ಗೊತ್ತು, ಕೇಳುವವರು ತೊಳಲಬೇಕು; ಆದರೆ ಒಗಟಿಗೆ ಬಹುಮಟ್ಟಿಗೆ ಕತೆಯಿಲ್ಲ. ಕತೆ ಒಂದು ಕಟ್ಟೆಯ ಮೇಲೆ, ಒಗಟು ಇನ್ನೊಂದು ಕಟ್ಟೆಯ ಮೇಲೆ. ಕಳೆದ ಐವತ್ತು ವರುಷಗಳಲ್ಲಿ ಹುಟ್ಟಿ ಬೆಳೆದ ಒಂದು ಜಾತಿಯ ವಿಡಿಯೋ ಗೇಮು ಈ ಎರಡನ್ನೂ ಒಂದು ಮಾಡಿದೆ. ಅದನ್ನು ಆಡುವವನು ಕತೆ ಕೇಳುವವನೂ ಹೌದು, ಬೇಹಿನವನೂ ಹೌದು. ಗುಂಡು ಹಾರಿಸುವ ಆಟವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಹಾಳು ಆಟ’ ಎಂದುಬಿಡುವುದು ಹಿರಿಯರಿಗೆ ಸುಲಭ. ಚರಿತ್ರೆಯನ್ನು ಅರಿತರೆ ಹಾಗೆನ್ನಲು ನಾಲಗೆ ತಡೆಯುತ್ತದೆ.

ಇದರ ಮೊದಲು ಒಂದು ಗುಹೆಯಲ್ಲಿದೆ. ಅಮೆರಿಕದ ವಿಲ್ ಕ್ರೌದರ್ ಎಂಬ ಗಣಕಯಂತ್ರ ತಜ್ಞರಿಗೆ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯನ್ನು ಹೊಕ್ಕು ಅಳೆದು ನಕ್ಷೆ ಬರೆಯುವ ಹವ್ಯಾಸವಿತ್ತು. ದಾಂಪತ್ಯ ಮುರಿದ ಮೇಲೆ ತಮ್ಮ ಇಬ್ಬರು ಹೆಣ್ಣುಮಕ್ಕಳ ವಿನೋದಕ್ಕೆಂದು ಅವರು 1976ರ ಸುಮಾರಿಗೆ ಆ ಗುಹೆಯನ್ನೇ ಮಾತಿನಲ್ಲಿ ಕಟ್ಟಿಕೊಟ್ಟರು. ಚಿತ್ರವಿಲ್ಲ, ಸದ್ದಿಲ್ಲ, ಅಕ್ಷರ ಮಾತ್ರ. ಎದುರಿಗೆ ಏನಿದೆಯೆಂದು ಯಂತ್ರ ಹೇಳುವುದು. ಯಾವ ಕಡೆಗೆ ಹೋಗಬೇಕೆಂದು ಆಡುವವರು ಬೆರಳಚ್ಚಿನಲ್ಲಿ ಹೇಳುವುದು. ಮರುವರುಷ ಡಾನ್ ವುಡ್ಸ್ ಎಂಬುವರು ಅದನ್ನು ಹಿಗ್ಗಿಸಿದರು. ‘ಅಡ್ವೆಂಚರ್’ ಎಂಬ ಅದರ ಹೆಸರೇ ಮುಂದೆ ಆ ಜಾತಿಗೆ ನಿಂತಿತು.

1980ರಲ್ಲಿ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ ಅಡಿಗೆಮನೆಯ ಮೇಜಿನ ಮೇಲೆ ಕೊಲೆಯ ಕತೆಯೊಂದನ್ನು ಹೆಣೆದರು. ಪತಿ ಕೆನ್ ಅದನ್ನು ಯಂತ್ರಕ್ಕೆ ಅಳವಡಿಸಿದರು. ಅಗಾಥಾ ಕ್ರಿಸ್ಟಿಯ ಕಾದಂಬರಿಯ ಪ್ರೇರಣೆಯಿಂದ ಹುಟ್ಟಿದ ಆ ‘ಮಿಸ್ಟರಿ ಹೌಸ್’ ಆಟದಲ್ಲಿ ಸುಮಾರು 70 ಗೆರೆಚಿತ್ರಗಳಿದ್ದವು. ಇಂಥ ಆಟಕ್ಕೆ ಚಿತ್ರ ಕೂಡಿಬಂದದ್ದು ಅಲ್ಲಿಯೇ ಮೊದಲು.

ಆಮೇಲೆ 1983ರಲ್ಲಿ ಜಪಾನಿನಲ್ಲಿ ಯೂಜಿ ಹೋರಿಯವರು ‘ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ’ವನ್ನು ಹೊರತಂದರು. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಕೊಲೆ ನಡೆದದ್ದು ಲಂಡನ್ನಿನಲ್ಲಲ್ಲ, ತಮ್ಮದೇ ಕೋಬೆ ಪಟ್ಟಣದಲ್ಲಿ. ಸಾಕ್ಷಿಗಳು ಆಡಿದ್ದು ಜಪಾನೀ ಭಾಷೆಯನ್ನು. ಅಮೆರಿಕದಿಂದ ಬಂದ ಸಸಿಯನ್ನು ಆ ಜನ ಮೂರೇ ವರುಷಗಳಲ್ಲಿ ತಮ್ಮ ಮಣ್ಣಿನಲ್ಲಿ ನೆಟ್ಟುಕೊಂಡರು.

1993ರಲ್ಲಿ ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರ ‘ಮಿಸ್ಟ್’ ಬಂತು. ನಿರ್ಜನವಾದ ಒಂದು ದ್ವೀಪ. ಶತ್ರುವಿಲ್ಲ, ಆಯುಧವಿಲ್ಲ, ಅವಸರವಿಲ್ಲ. ಗ್ರಂಥಾಲಯದಲ್ಲಿ ಎರಡು ಪುಸ್ತಕಗಳು. ಒಂದೊಂದರಲ್ಲಿ ಒಬ್ಬೊಬ್ಬ ಸೋದರ ಸೆರೆಯಾಗಿ ಕುಳಿತು ಇನ್ನೊಬ್ಬನನ್ನು ದೂರುತ್ತಾನೆ. ಯಾರನ್ನು ನಂಬಬೇಕು? ಅರವತ್ತು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಿದ ಈ ಆಟಕ್ಕೆ ಸಂಗೀತ ಬೇಡವೆಂದು ಅದರ ಕರ್ತೃಗಳು ಮೊದಲು ಎಣಿಸಿದ್ದರಂತೆ. ನುಡಿಸಿ ನೋಡಿದ ಮೇಲೆ ದ್ವೀಪಕ್ಕೆ ಜೀವ ಬಂದದ್ದು ಅವರಿಗೇ ತಿಳಿಯಿತು. ರೇಡಿಯೋ ಕೇಳುವವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1950ರಲ್ಲಿ ಧಾರವಾಡದ ನಿಲಯ ಆರಂಭವಾದಂದಿನಿಂದ ನಮ್ಮ ಮನೆಗಳು ನಾಟಕವನ್ನು ಕಿವಿಯಿಂದ ನೋಡುವುದನ್ನು ಕಲಿತಿವೆ. ಬಾಗಿಲು ಕಿರುಗುಟ್ಟಿದರೆ ಇರುಳು, ಜೀರುಂಡೆ ಕೂಗಿದರೆ ಕಾಡು.

ಕಿವಿಯ ಈ ಬಲವನ್ನು ಪೂರ್ತಿಯಾಗಿ ದುಡಿಸಿಕೊಂಡ ಆಟ ಲೂಕಾಸ್ ಪೋಪ್ ಅವರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’, ಬಂದದ್ದು 2018ರಲ್ಲಿ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಜೀವಂತ ಮನುಷ್ಯರಿಲ್ಲದೆ ಇಂಗ್ಲಂಡಿನ ಬಂದರಿಗೆ ಬಂದು ನಿಲ್ಲುತ್ತದೆ. ಆಡುವವನು ಕಂಪನಿಯ ತನಿಖೆಗಾರ. ಹಡಗಿನ ಪಟ್ಟಿಯಲ್ಲಿರುವ 60 ಜನರಲ್ಲಿ ಯಾರಿಗೆ ಏನಾಯಿತೆಂದು ಅವನು ಪುಸ್ತಕದಲ್ಲಿ ಬರೆಯಬೇಕು. ಹೆಣದ ಬಳಿ ನಿಂತು ಮಾಯದ ಗಡಿಯಾರವನ್ನು ತೆರೆದರೆ ಮೊದಲು ಬರಿಯ ಕತ್ತಲು. ಆ ಸಾವಿನ ಹಿಂದುಮುಂದಿನ ಮಾತು, ಕೂಗು, ಸದ್ದು ಕೇಳುತ್ತವೆ. ಅನಂತರ ಪ್ರಾಣ ಹೋದ ಆ ಒಂದು ಕ್ಷಣ ಕಲ್ಲಾಗಿ ಎದುರು ನಿಲ್ಲುತ್ತದೆ. ಅದರೊಳಗೆ ಸುತ್ತಾಡಿ, ಉಡುಗೆ, ತೂಗುಮಂಚದ ಸಂಖ್ಯೆ, ಮಾತಿನ ಧಾಟಿ ಇವುಗಳಿಂದ ಸತ್ತವನ ಹೆಸರನ್ನು ಊಹಿಸಬೇಕು. ಮೂವರ ವಿಷಯ ಸರಿಯಾದ ಹೊರತು ಪುಸ್ತಕ ಒಪ್ಪುವುದಿಲ್ಲ. ಹಡಗು ಕಲ್ಪನೆಯದು, ಕಂಪನಿ ನಿಜವಾದದ್ದು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಸೇರಿದ್ದೂ ಅದೇ ಕಂಪನಿಯ ಕೈಗೆ. ಆ ಪಟ್ಟಿಯಲ್ಲಿ ಭಾರತದ ನಾವಿಕರೂ ಇದ್ದಾರೆ.

ಕಲ್ಲಾಗಿ ನಿಂತ ಸಾವು ಎಂದಾಗ ಹಾನಗಲ್ಲು ಸೀಮೆಯವರಿಗೆ ಏನು ನೆನಪಾಗಬೇಕು? ವೀರಗಲ್ಲಲ್ಲವೆ? ತಾರಕೇಶ್ವರ ದೇವಾಲಯದ ನೆರೆಯಲ್ಲಿ, ಕೆರೆಯ ದಂಡೆಗಳಲ್ಲಿ, ಊರ ಅಗಸೆಗಳಲ್ಲಿ ಅಂಥ ಕಲ್ಲುಗಳನ್ನು ನೀವು ಕಂಡಿದ್ದೀರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದಿ ಮಡಿಯುವುದು, ನಡುವೆ ದೇವಕನ್ಯೆಯರು ಅವನನ್ನು ಕೊಂಡೊಯ್ಯುವುದು, ಮೇಲೆ ಶಿವಸನ್ನಿಧಿ. ಹಸುಗಳನ್ನು ಕೆತ್ತಿದ್ದರೆ ಅದು ತುರುಗೋಳಿನ ಕಾಳಗ. ವಿರಾಟನ ಗೋವುಗಳನ್ನು ಕೌರವರು ಹಿಡಿದದ್ದೂ ತುರುಗೋಳೇ. ಕುದುರೆಯಿದ್ದರೆ, ಕೊಡೆಯಿದ್ದರೆ, ಆನೆಯಿದ್ದರೆ ಒಂದೊಂದೂ ಒಂದೊಂದು ಸುಳಿವು. ಅಕ್ಷರ ಉಳಿದಿದ್ದರೆ ಹೆಸರು ದೊರೆಯುತ್ತದೆ, ಸವೆದಿದ್ದರೆ ಊಹಿಸಬೇಕು. ಹೀಗೆ ಅಕ್ಷರ ಅಕ್ಷರವನ್ನು ಕೂಡಿಸಿಯೇ ಫ್ಲೀಟ್ ಸಾಹೇಬರು 1882ರಲ್ಲಿ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಚರಿತ್ರೆಯನ್ನು ಬರೆದರು, ಹಾನಗಲ್ಲ ಕದಂಬರನ್ನು ಬೆಳಕಿಗೆ ತಂದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಏರ್ಪಟ್ಟ ಮೇಲೆ ಆ ಕೆಲಸ ನಮ್ಮವರ ಕೈಯಲ್ಲಿ ಮುಂದುವರಿಯಿತು.

ಹೀಗಿರುವಾಗ ನಮ್ಮ ಹುಡುಗ ಕೋಣೆಯಲ್ಲಿ ಕುಳಿತು, ಎಂದೂ ಇಲ್ಲದ ಹಡಗಿನ ಎಂದೂ ಹುಟ್ಟದ ಅರವತ್ತು ಜನರ ಗತಿಯನ್ನು ಇಂಗ್ಲೀಷಿನಲ್ಲಿ ಬಿಡಿಸುತ್ತಾನೆ. ಅವನ ಊರಿಗಾಗಿ ನಿಜವಾಗಿ ಸತ್ತವನು ಕಲ್ಲಿನಲ್ಲಿ ಹೆಸರಿಲ್ಲದೆ ನಿಂತಿದ್ದಾನೆ. ಅವನ ಮೇಲೆ ಬಟ್ಟೆ ಒಗೆಯುವುದೂ ಉಂಟು. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ನೋಡುವ ಕಣ್ಣನ್ನೂ ಕೇಳುವ ಕಿವಿಯನ್ನೂ ಕಾಯುವ ತಾಳ್ಮೆಯನ್ನೂ ಆ ಆಟ ಅವನಿಗೆ ಕಲಿಸಿದೆ. ಆದರೆ ಅದನ್ನು ಜಪಾನೀ, ಕೊರಿಯನ್, ರಷ್ಯನ್ ಭಾಷೆಗಳಲ್ಲಿ ಆಡಬಹುದು. ಕನ್ನಡದಲ್ಲಿ ಆಡಲು ಬರುವುದಿಲ್ಲ. ಕಲಿತ ಜನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 1997ರಲ್ಲಿಯೇ ರಾಜೇಶ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಎಂಬ ಸಂಸ್ಥೆಯನ್ನು ತೆಗೆದರು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಗಳು ಅಲ್ಲಿ ಸಿದ್ಧವಾದವು. 2019ರಲ್ಲಿ ಅದೂ ರಾಕ್‌ಸ್ಟಾರ್ ಎಂಬ ವಿದೇಶೀ ಸಂಸ್ಥೆಗೆ ಸೇರಿತು. ಕೈ ನಮ್ಮದು, ಕತೆ ಅವರದು ಎಂಬಂತಾಗಿದೆ.

ಯಾವ ಭಾಷೆಯಲ್ಲಿ ಮಕ್ಕಳು ಒಗಟು ಬಿಡಿಸುವುದಿಲ್ಲವೋ ಆ ಭಾಷೆಯಲ್ಲಿ ಸುಳಿವು, ಕುರುಹು, ಜಾಡು, ಗುಮಾನಿ, ಹೊಂಚು ಎಂಬ ಮಾತುಗಳು ನಿಘಂಟಿನಲ್ಲಿ ಮಾತ್ರ ಉಳಿಯುತ್ತವೆ. ಕನ್ನಡದ ಆಟ ಕಟ್ಟುವವರು ಬರುವ ತನಕ ನಾವು ಕಾಯುತ್ತ ಕೂಡಬೇಕಾಗಿಲ್ಲ. ಮನೆಯಲ್ಲಿ ಮಗುವೊಂದು ಇಂಥ ಆಟವಾಡುತ್ತಿದ್ದರೆ ಯಂತ್ರವನ್ನು ಆರಿಸುವ ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಸತ್ತವನು ಯಾರು, ಕೊಂದವನು ಯಾರು, ನಿನಗೆ ಹೇಗೆ ತಿಳಿಯಿತು ಎಂದು ಕೇಳಿರಿ. ಅವನು ಕನ್ನಡದಲ್ಲಿಯೇ ಹೇಳಲಿ. ಮುಂದಿನ ರಜೆಯ ದಿನ ಅವನನ್ನು ಊರ ಹೊರಗಿನ ವೀರಗಲ್ಲಿನ ಬಳಿಗೆ ಕರೆದುಕೊಂಡು ಹೋಗಿ, ಪಾಚಿಯನ್ನು ಮೆಲ್ಲನೆ ನೀರಿನಿಂದ ತೊಳೆದು, ಅವೇ ಮೂರು ಪ್ರಶ್ನೆಗಳನ್ನು ಕೇಳಿ ನೋಡಿರಿ.