ಹನ್ನೆರಡು ವಾರದ ಲೆಕ್ಕ: ನೆಫ್ರೋಟಿಕ್ ಮಕ್ಕಳ ಸ್ಟಿರಾಯ್ಡ್ ಚಿಕಿತ್ಸೆಯ ಚರಿತ್ರೆಯಲ್ಲೊಂದು ತಪ್ಪು ಓದು

ನೆಫ್ರೋಟಿಕ್ ಸಿಂಡ್ರೋಮ್ ಮೊದಲ ಸಲ ಕಾಣಿಸಿಕೊಂಡ ಮಗುವಿಗೆ ಪ್ರೆಡ್ನಿಸೊಲೋನ್ ಎಷ್ಟು ವಾರ ಕೊಡಬೇಕು? 2015ರ ಭಾರತೀಯ ಪ್ರಯೋಗ ಈ ಚರ್ಚೆಗೆ ಮಂಗಳ ಹಾಡಿತು ಎನ್ನುವವರಿದ್ದಾರೆ. ದೀರ್ಘ ಚಿಕಿತ್ಸೆಯಿಂದ ಲಾಭವಿಲ್ಲ, ಆದ್ದರಿಂದ ಎಂಟು ವಾರ ಸಾಕು ಎಂಬುದು ಅವರ ವಾದ. ಎಂಟು ವಾರ ಸಾಕಾಗಲೂಬಹುದು. ಆದರೆ ಆ 'ಆದ್ದರಿಂದ'ಕ್ಕೆ ಈ ಪ್ರಯೋಗ ಆಧಾರವಾಗದು.

ಅದಿತಿ ಸಿನ್ಹಾ, ಅರವಿಂದ ಬಗ್ಗಾ ಮತ್ತು ಸಂಗಡಿಗರು ಐದು ಆಸ್ಪತ್ರೆಗಳ 181 ಮಕ್ಕಳ ಮೇಲೆ ಇದನ್ನು ನಡೆಸಿದರು. ಎಲ್ಲ ಮಕ್ಕಳೂ ಮೊದಲು 12 ವಾರದ ಮದ್ದು ಮುಗಿಸಿದ್ದರು. ಆಮೇಲಷ್ಟೇ ಒಂದು ಗುಂಪಿಗೆ ಇನ್ನೂ ಮೂರು ತಿಂಗಳು ಪ್ರಮಾಣ ಇಳಿಸುತ್ತ ಪ್ರೆಡ್ನಿಸೊಲೋನ್, ಇನ್ನೊಂದಕ್ಕೆ ಪ್ಲಸೀಬೊ. ಮರುಕಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರಿಂದ ತಿಳಿದದ್ದು ಮೂರು ತಿಂಗಳನ್ನು ಆರಕ್ಕೆ ಎಳೆಯಬೇಕಿಲ್ಲ ಎಂಬುದು ಮಾತ್ರ. ಎಂಟೇ ವಾರಕ್ಕೆ ನಿಲ್ಲಿಸಿದ ಗುಂಪು ಅಲ್ಲಿರಲೇ ಇಲ್ಲ. 2013ರ ಡಚ್ ಪ್ರಯೋಗವೂ ಮೂರು ತಿಂಗಳನ್ನು ಆರರ ಜೊತೆ ಹೋಲಿಸಿದ್ದೇ. ಎಂಟರ ಪಕ್ಷದವರಿಗೆ ನಿಜವಾದ ಬಲ ಜಪಾನಿನ 2015ರ ಮತ್ತು ಬ್ರಿಟನ್ನಿನ 2019ರ ಪ್ರಯೋಗಗಳು. ಬ್ರಿಟನ್ನಿನಲ್ಲಿ 237 ಮಕ್ಕಳಲ್ಲಿ 8 ವಾರವನ್ನು 16ರೊಂದಿಗೆ ನೇರವಾಗಿಯೇ ಹೋಲಿಸಿದರು. ಅವನ್ನು ಉದ್ಧರಿಸಲಿ, ತಕರಾರಿಲ್ಲ.

ನಮ್ಮ ಹನ್ನೆರಡು ವಾರದ ಮೂಲವನ್ನು ಯಾರೂ ಕೆದಕದಿರುವುದೇ ಸೋಜಿಗ. 1960ರ ದಶಕದ ಅಂತರರಾಷ್ಟ್ರೀಯ ಅಧ್ಯಯನ ತಂಡ ಹಾಕಿಕೊಟ್ಟದ್ದು ಎಂಟು ವಾರ: ನಾಲ್ಕು ವಾರ ದಿನಾಲೂ, ಮತ್ತೆ ನಾಲ್ಕು ವಾರ ವಾರಕ್ಕೆ ಮೂರು ದಿನ. (ಅದು ಬೇರೆ ಅವಧಿಗಳೊಂದಿಗೆ ಹೋಲಿಸಿ ಕಂಡುಕೊಂಡದ್ದಲ್ಲ, ಒಪ್ಪಂದದಿಂದ ಬಂದದ್ದು. ಪಠ್ಯಪುಸ್ತಕಗಳು ಇದನ್ನು ಜಾಣತನದಿಂದ ಮರೆಯುತ್ತವೆ.) 1993ರಲ್ಲಿ ಜರ್ಮನಿಯ ಎರಿಖ್ ಮತ್ತು ಬ್ರೋಡೆಲ್ ಅದನ್ನು 6 ವಾರ ದಿನಾಲೂ, 6 ವಾರ ದಿನ ಬಿಟ್ಟು ದಿನ ಎಂದು ಹಿಗ್ಗಿಸಿದಾಗ, ವರ್ಷದೊಳಗೆ ಮರುಕಳಿಸಿದವರು ಶೇ. 61ರಿಂದ 36ಕ್ಕೆ ಇಳಿದರು. ಅವರು ಹೋಲಿಸಿದ ಎಂಟು ವಾರದ ಗುಂಪಿಗೂ ಎರಡನೆಯ ನಾಲ್ಕು ವಾರ ದಿನ ಬಿಟ್ಟು ದಿನವೇ. ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ ಗುಂಪು 2001ರಲ್ಲಿ 6+6 ಅನ್ನೇ ಒಪ್ಪಿತು.

ಒಪ್ಪಿದ್ದು ವಾರಗಳನ್ನು, ಪ್ರಮಾಣವನ್ನಲ್ಲ. ಜರ್ಮನರು ಅಳೆದದ್ದು ಮೈಯ ಮೇಲ್ಮೈಗೆ: ಚದರ ಮೀಟರಿಗೆ ದಿನಕ್ಕೆ 60 ಮಿ.ಗ್ರಾಂ., ಆಮೇಲೆ 40. ನಾವು ಅಳೆದದ್ದು ತೂಕಕ್ಕೆ: ಕಿಲೋಗೆ 2, ಆಮೇಲೆ 1.5. ಕೈಪಿಡಿಗಳು ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯುತ್ತವೆ. 15 ಕಿಲೋದ ಮಗುವನ್ನು ತೆಗೆದುಕೊಳ್ಳಿ. ಮೇಲ್ಮೈ ಸುಮಾರು 0.64 ಚದರ ಮೀಟರ್. ಜರ್ಮನ್ ಲೆಕ್ಕದಲ್ಲಿ ದಿನಕ್ಕೆ 38 ಮಿ.ಗ್ರಾಂ., ನಮ್ಮ ಲೆಕ್ಕದಲ್ಲಿ 30. ಇಡೀ ಚಿಕಿತ್ಸೆಯನ್ನು ಕೂಡಿಸಿದರೆ ಜರ್ಮನರ 8 ವಾರಕ್ಕೆ ಚದರ ಮೀಟರಿಗೆ 2240, 12 ವಾರಕ್ಕೆ 3360. ನಮ್ಮ 12 ವಾರಕ್ಕೆ ಈ ಮಗುವಿಗೆ ಸುಮಾರು 2700. ಅಂದರೆ ಹೆಸರಿಗೆ ಹನ್ನೆರಡು ವಾರ, ಮದ್ದಿನಲ್ಲಿ ಜರ್ಮನರ ಎಂಟಕ್ಕೇ ಹೆಚ್ಚು ಹತ್ತಿರ. ಮಗು ದೊಡ್ಡದಾದಂತೆ ಈ ಅಂತರ ಕುಗ್ಗುತ್ತದೆ ನಿಜ, ಆದರೆ ಈ ರೋಗ ಹೆಚ್ಚಾಗಿ ಶುರುವಾಗುವುದು ಎರಡರಿಂದ ಆರರ ವಯಸ್ಸಿನಲ್ಲಿ.

ಹಾಗಾದರೆ 1993ರ ಲಾಭ ಅವಧಿಯದೋ, ಹೆಚ್ಚಿದ ಮದ್ದಿನದೋ? ಅಲ್ಲಿ ಎರಡೂ ಜೊತೆಗೇ ಹೆಚ್ಚಿದ್ದವು. ಅವಧಿ ಹೆಚ್ಚಿದಷ್ಟೂ ಮರುಕಳಿಕೆ ಕಡಿಮೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2000ದಲ್ಲಿ ಸರಳರೇಖೆ ಎಳೆದ ಹಾಡ್ಸನ್ ತಂಡ 2015ರಲ್ಲಿ ಆ ನಿಲುವು ಬದಲಿಸಿತು. ಅದರ ಪ್ರಾಮಾಣಿಕತೆಗೆ ಗೌರವವಿದೆ, ಆದರೆ ಪ್ರಯೋಗಗಳನ್ನು ಒಂದೇ ಮೊರಕ್ಕೆ ಸುರಿದು ಕೇರುವ ವಿಧಾನದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಇಷ್ಟೆಲ್ಲ ಶೇಕಡಾವಾರು ನಿಂತಿರುವುದು ಮನೆಯ ಮೂತ್ರಪರೀಕ್ಷೆಯ ಮೇಲೆ. ಸತತ ಮೂರು ದಿನ ಬೆಳಗಿನ ಮೂತ್ರದಲ್ಲಿ ಪ್ರೊಟೀನ್ 3+ ಅಥವಾ 4+ ಬಂದರೆ ಮರುಕಳಿಕೆ. ಪುಣೆಯ ಆಸ್ಪತ್ರೆಗೆ ಅಕ್ಕಲಕೋಟೆ, ಜತ್ತಿನ ಕಡೆಯಿಂದ ಬರುವ ಕನ್ನಡದ ತಾಯಿಗೂ ವೈದ್ಯರು ಕಲಿಸುವುದು ಇದನ್ನೇ: ಪಟ್ಟಿ ಅದ್ದಿ ನೋಡು, ಇಲ್ಲವೇ ಪ್ರನಾಳದಲ್ಲಿ ಕಾಯಿಸಿ ನೋಡು, ವಹಿಯಲ್ಲಿ ಬರೆ.

ವಾದ ತೀರಿಸಲು ಹೊಸ ಪ್ರಯೋಗವೇ ಬೇಕೆಂದಿಲ್ಲ. 181 ಮಕ್ಕಳ ಎತ್ತರ-ತೂಕದಿಂದ ಒಬ್ಬೊಬ್ಬರಿಗೂ ಚದರ ಮೀಟರಿಗೆ ಎಷ್ಟು ಮದ್ದು ಬಿದ್ದಿತ್ತು ಎಂದು ಲೆಕ್ಕ ಹಾಕಿ, ಅದನ್ನು ಮರುಕಳಿಕೆಯ ಪಕ್ಕಕ್ಕಿಟ್ಟು ನೋಡುವುದು ಮೊದಲ ಕೆಲಸ.