ಏಣಿ ಎಟುಕದೆ ಉಳಿದ ಚಿತ್ರ

ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಒಂದು ಚಿತ್ರ ಕಣ್ಣಿಗೆ ಬೀಳುವುದು ಸಾಮಾನ್ಯ. ಬಿಳಿ ನಿಲುವಂಗಿ ತೊಟ್ಟ ಯೇಸು ನೋಡುವವರ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದಾರೆ. ಬಲಗೈ ಆಶೀರ್ವಾದಕ್ಕೆ ಎತ್ತಿದೆ, ಎಡಗೈ ಎದೆಯ ಬಳಿ ಅಂಗಿಯನ್ನು ತುಸು ಸರಿಸಿದೆ. ಅಲ್ಲಿಂದ ಎರಡು ಕಿರಣಗಳು ಕೆಳಗಿಳಿಯುತ್ತವೆ: ಒಂದು ಕೆಂಪು, ಇನ್ನೊಂದು ನಸುಬಿಳಿ. ಶಿಲುಬೆಯ ಮೇಲೆ ಈಟಿಯಿಂದ ತಿವಿದಾಗ ಹರಿದ ರಕ್ತ ಮತ್ತು ನೀರು ಇವು ಎಂಬುದು ಭಕ್ತರ ವಿವರಣೆ. ದೈವಕರುಣೆಯ ಚಿತ್ರ ಎಂದೇ ಇದರ ಹೆಸರು. ಬರೀ ಕ್ಯಾಲೆಂಡರ್ ಚಿತ್ರ ಎಂದು ಮೂಗು ಮುರಿಯುವವರೂ ಇದ್ದಾರೆ. ಕಲೆಯ ಲೆಕ್ಕದಲ್ಲಿ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಈಗ ಜಗತ್ತಿನ ಮೂಲೆಮೂಲೆಯಲ್ಲಿ ಪೂಜೆಗೊಳ್ಳುವ ಈ ಚಿತ್ರವನ್ನು ಕ್ಯಾಥೊಲಿಕ್ ಚರ್ಚೇ 19 ವರ್ಷ ಗೋಡೆಯಿಂದ ಇಳಿಸಿಟ್ಟಿತ್ತು.

ದೇವರು ಕರುಣಾಳು ಎಂಬುದು ಕ್ರೈಸ್ತರಿಗೆ ಹೊಸ ಸುದ್ದಿಯೇನಲ್ಲ. ಆಸ್ತಿಯನ್ನೆಲ್ಲ ಹಾಳುಮಾಡಿ ಹಿಂತಿರುಗಿದ ಮಗನನ್ನು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುವ ತಂದೆಯ ಕಥೆ ಲೂಕನ ಸುವಾರ್ತೆಯಲ್ಲಿದೆ. ಆದರೆ ಯುರೋಪಿನ ಹಳ್ಳಿಯ ರೈತ ಭಾನುವಾರ ಚರ್ಚಿಗೆ ಹೋದಾಗ ಕಾಣುತ್ತಿದ್ದುದು ಹೆಚ್ಚಾಗಿ ಬೇರೆಯೇ ಮುಖ. ಶತಮಾನಗಳ ಕಾಲ ಅಲ್ಲಿನ ಗೋಡೆಗಳ ಮೇಲೆ ಅಂತಿಮ ತೀರ್ಪಿನ ದೃಶ್ಯಗಳು, ಉಪದೇಶಗಳಲ್ಲಿ ನರಕದ ಬೆಂಕಿ. ಮೈಕೆಲಾಂಜೆಲೊ 1541ರಲ್ಲಿ ರೋಮಿನ ಸಿಸ್ಟೈನ್ ಚಾಪೆಲ್ಲಿನಲ್ಲಿ ಮುಗಿಸಿದ ಭಿತ್ತಿಚಿತ್ರದಲ್ಲೂ ಕ್ರಿಸ್ತರ ಬಲಗೈ ಮೇಲೆತ್ತಿದೆ. ಆ ಕೈಗೆ ಹೆದರಿ ಪಾಪಿಗಳು ಪಾತಾಳಕ್ಕೆ ಉರುಳುತ್ತಿದ್ದಾರೆ. ಇಪ್ಪತ್ತನೆಯ ಶತಮಾನದ ಪೋಲೆಂಡಿನಲ್ಲಿ ಅದೇ ಎತ್ತಿದ ಕೈಗೆ ಬೇರೆ ಅರ್ಥ ಬಂತು. ತಂದವರು ದೇವಶಾಸ್ತ್ರದ ಪಂಡಿತರಲ್ಲ. ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬ ಸಿಸ್ಟರ್.

ಹೆಲೆನಾ ಕೊವಾಲ್ಸ್ಕಾ 1905ರಲ್ಲಿ ಗ್ವೊಗೊವಿಯೆತ್ಸ್ ಎಂಬ ಹಳ್ಳಿಯಲ್ಲಿ, ಹತ್ತು ಮಕ್ಕಳ ಮನೆಯಲ್ಲಿ ಮೂರನೆಯವಳಾಗಿ ಹುಟ್ಟಿದಳು. ಶಾಲೆ ಕಂಡದ್ದು ಮೂರು ವರ್ಷವೂ ಪೂರ್ತಿಯಲ್ಲ. ಹದಿಹರೆಯದಲ್ಲೇ ಪರರ ಮನೆಗೆಲಸಕ್ಕೆ ಸೇರಿದವಳು 1925ರಲ್ಲಿ ವಾರ್ಸಾದ ಒಂದು ಕನ್ಯಾಮಠದೊಳಗೆ ಕಾಲಿಟ್ಟಳು. ದಾರಿ ತಪ್ಪಿದವರೆಂದು ಸಮಾಜ ಕರೆಯುತ್ತಿದ್ದ ಹೆಣ್ಣುಮಕ್ಕಳಿಗೆ ಆಸರೆ ಕೊಡುತ್ತಿದ್ದ ಮಠವದು. ಒಳಗೂ ಎರಡು ದರ್ಜೆ: ಓದಿದವರು ಆ ಹುಡುಗಿಯರನ್ನು ನೋಡಿಕೊಳ್ಳುವರು, ಓದದವರು ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ ಮಾಡುವರು. ಫೌಸ್ತಿನಾ ಎಂಬ ಹೊಸ ಹೆಸರು ಪಡೆದ ಹೆಲೆನಾ ಎರಡನೆಯ ದರ್ಜೆಗೆ ಸೇರಿದಳು.

1931ರ ಫೆಬ್ರವರಿ 22ರ ಸಂಜೆ ಪ್ವೊತ್ಸ್ಕ್ ಊರಿನ ಮಠದ ಕೋಣೆಯಲ್ಲಿ ಯೇಸುವನ್ನು ಕಂಡೆನೆಂದೂ, ಕಂಡ ಹಾಗೆಯೇ ಚಿತ್ರ ಬರೆಯಬೇಕೆಂದು ಅಪ್ಪಣೆಯಾಯಿತೆಂದೂ ಅವಳು ಮುಂದೆ ಬರೆದಿಟ್ಟಳು. ಆಗ ಅವಳು ಮಠದ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಕುಂಚ ಹಿಡಿದು ಗೊತ್ತಿಲ್ಲ. ಪಾಪನಿವೇದನೆಯಲ್ಲಿ ಹೇಳಿಕೊಂಡಾಗ ಗುರುಗಳು, ಆ ಚಿತ್ರವನ್ನು ನಿನ್ನ ಆತ್ಮದಲ್ಲಿ ಬರೆದುಕೋ ಎಂದು ಸಮಾಧಾನ ಹೇಳಿ ಕಳಿಸಿದರು. ಚಿತ್ರ ಮೂರು ವರ್ಷ ಹಾಗೆಯೇ ಉಳಿಯಿತು.

ಅದಕ್ಕೆ ಬಣ್ಣ ಸಿಕ್ಕಿದ್ದು ವಿಲ್ನಾದಲ್ಲಿ. ಇಂದಿನ ಲಿಥುವೇನಿಯದ ರಾಜಧಾನಿಯಾದ ವಿಲ್ನಿಯಸ್ ಆಗ ಪೋಲೆಂಡಿನ ಊರು. ಅಲ್ಲಿ ಫೌಸ್ತಿನಾಳ ಪಾಪನಿವೇದನೆ ಕೇಳುತ್ತಿದ್ದ ಫಾದರ್ ಮಿಹಾವ್ ಸೊಪೊಚ್ಕೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು, ಸುಲಭಕ್ಕೆ ನಂಬುವವರಲ್ಲ. ಮೊದಲು ಮನೋವೈದ್ಯೆಯೊಬ್ಬರಿಂದ ಅವಳನ್ನು ಪರೀಕ್ಷೆ ಮಾಡಿಸಿದರು. ಬುದ್ಧಿ ಸ್ವಸ್ಥವಾಗಿದೆ ಎಂಬ ಉತ್ತರ ಬಂದ ಮೇಲೆ, ತಾವಿದ್ದ ಕಟ್ಟಡದಲ್ಲೇ ವಾಸವಾಗಿದ್ದ ಚಿತ್ರಕಾರ ಯುಗೆನಿಯುಷ್ ಕಾಜಿಮಿರೊವ್ಸ್ಕಿಗೆ ಕೆಲಸ ಒಪ್ಪಿಸಿದರು. ನಂಬಿಕೆಗಿಂತ ಹೆಚ್ಚಾಗಿ ಚಿತ್ರ ಹೇಗೆ ಬಂದೀತು ಎಂಬ ಕುತೂಹಲವೇ ತಮ್ಮನ್ನು ನೂಕಿತು ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಗಾದರೂ ಅವರನ್ನು ಮೆಚ್ಚಬೇಕು.

1934ರ ಜನವರಿಯಿಂದ ಜೂನ್‌ವರೆಗೆ ಕೆಲಸ ನಡೆಯಿತು. ಫೌಸ್ತಿನಾ ಮಠದ ಮದರ್ ಜೊತೆ ಬಂದು ಕೈ ಇಷ್ಟು ಎತ್ತರಕ್ಕಿರಲಿ, ಕಣ್ಣು ಕೆಳಗೆ ನೋಡಲಿ, ಕಿರಣ ಹೀಗೆ ಬೀಳಲಿ ಎಂದು ತಿದ್ದಿಸುತ್ತಿದ್ದಳು. ನಿಲುವಂಗಿಯ ಮಡಿಕೆಗಳು ಸರಿಯಾಗಿ ಬರಲೆಂದು ಸೊಪೊಚ್ಕೊ ಅವರೇ ಪೂಜೆಯ ಬಿಳಿ ಅಂಗಿ ತೊಟ್ಟು ಚಿತ್ರಕಾರನೆದುರು ನಿಂತರು. ಇಷ್ಟಾದರೂ ಮುಗಿದ ಚಿತ್ರ ಕಂಡು ಫೌಸ್ತಿನಾ ಅತ್ತಳು. ತಾನು ಕಂಡ ಚೆಲುವು ಅದರಲ್ಲಿ ಬಂದಿರಲಿಲ್ಲ.

ದರ್ಶನಗಳ ವಿವರ ಕೇಳುತ್ತ ಕೂರಲು ಪುರುಸೊತ್ತಿಲ್ಲದೆ, ಎಲ್ಲವನ್ನೂ ಬರೆದಿಡು ಎಂದು ಸೊಪೊಚ್ಕೊ ಅವಳಿಗೆ ಹೇಳಿದ್ದರು. ಅವರು ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದಾಗ ಅವಳು ಬರೆದದ್ದನ್ನೆಲ್ಲ ಒಲೆಗೆ ಹಾಕಿಬಿಟ್ಟಳು. ಹಿಂತಿರುಗಿದ ಗುರುಗಳು ಪ್ರಾಯಶ್ಚಿತ್ತವಾಗಿ ಮೊದಲಿಂದ ಬರೆಯಲು ಹೇಳಿದರು. ಹೀಗೆ ಹುಟ್ಟಿದ್ದು ಆರು ನೋಟ್‌ಪುಸ್ತಕಗಳ ದಿನಚರಿ. ಕಾಗುಣಿತ ಸರಿಯಿಲ್ಲ, ಹಳೆಯ ನೆನಪೂ ಅಂದಂದಿನ ಸಂಗತಿಯೂ ಕಲಸಿಕೊಂಡಿವೆ. ಆದರೆ ಒಂದು ಮಾತು ಮಾತ್ರ ಮತ್ತೆಮತ್ತೆ ಬರುತ್ತದೆ. ಪಾಪ ಎಷ್ಟು ದೊಡ್ಡದೋ ದೇವರ ಕರುಣೆಯ ಮೇಲೆ ಆ ಪಾಪಿಯ ಹಕ್ಕು ಅಷ್ಟು ದೊಡ್ಡದು ಎಂಬುದು ಅದರ ಸಾರ. ಮಧ್ಯಾಹ್ನ ಮೂರು ಗಂಟೆಗೆ, ಯೇಸು ಪ್ರಾಣಬಿಟ್ಟ ಹೊತ್ತಿಗೆ, ಆ ಕರುಣೆಯನ್ನು ನೆನೆಯುವ ಪದ್ಧತಿಯೂ, ಸಾಮಾನ್ಯ ಜಪಸರದ ಮಣಿಗಳ ಮೇಲೆಯೇ ಹೇಳುವ ಕರುಣೆಯ ಪ್ರಾರ್ಥನೆಯೂ ಈ ದಿನಚರಿಯಿಂದಲೇ ಬಂದವು.

1938ರ ಅಕ್ಟೋಬರ್ 5ರಂದು ಕ್ರಾಕೊವ್ ಪಕ್ಕದ ವಾಗಿಯೆವ್ನಿಕಿಯಲ್ಲಿ ಕ್ಷಯ ಅವಳನ್ನು ಕೊಂದಿತು. ವಯಸ್ಸು 33. ಮರುವರ್ಷವೇ ಯುದ್ಧ.

ಯುದ್ಧ ಈ ಭಕ್ತಿಗೆ ಕಾಲು ಕೊಟ್ಟಿತು. ವಿಲ್ನಾದಿಂದ ಹೊರಟ ಫಾದರ್ ಯೂಜೆಫ್ ಯಾಜೆಂಬೊವ್ಸ್ಕಿ ಸೈಬೀರಿಯ, ಜಪಾನ್ ಹಾದು 1941ರಲ್ಲಿ ಅಮೆರಿಕ ತಲುಪಿ ಅಲ್ಲಿ ಪ್ರಾರ್ಥನೆಯ ಕರಪತ್ರಗಳು ಅಚ್ಚಾಗಲು ಕಾರಣರಾದರು. ಇತ್ತ ಕ್ರಾಕೊವ್‌ನಲ್ಲಿ ಅಡಾಲ್ಫ್ ಹಿವಾ ಎಂಬ ಚಿತ್ರಕಾರ, ತನ್ನ ಕುಟುಂಬ ಯುದ್ಧದಲ್ಲಿ ಬದುಕಿ ಉಳಿದುದಕ್ಕೆ ಹರಕೆಯಾಗಿ 1943ರಲ್ಲಿ ವಾಗಿಯೆವ್ನಿಕಿ ಮಠಕ್ಕೆ ಇದೇ ದರ್ಶನದ ಚಿತ್ರ ಬರೆದುಕೊಟ್ಟ. ಅದು ಪೀಠದ ಅಳತೆಗೆ ಹೊಂದದೆ ಮರುವರ್ಷ ಇನ್ನೊಂದು ಬರೆದ. ಫೌಸ್ತಿನಾ ಕಣ್ಣಾರೆ ಕಾಣದ ಈ ಎರಡನೆಯ ಚಿತ್ರವೇ ಲೋಕದಲ್ಲೆಲ್ಲ ಅಚ್ಚಾಗಿ ಹರಡಿತು. ಅವಳೇ ನಿಂತು ತಿದ್ದಿಸಿದ ಮೂಲಚಿತ್ರದ ಪಾಡು ಬೇರೆ.

ಸೋವಿಯತ್ ಆಡಳಿತ 1948ರಲ್ಲಿ ವಿಲ್ನಿಯಸ್‌ನ ಸೇಂಟ್ ಮೈಕೆಲ್ ಚರ್ಚನ್ನು ಮುಚ್ಚಿದಾಗ ಅಲ್ಲಿ ತೂಗಿದ್ದ ಆ ಚಿತ್ರ ಒಳಗೇ ಉಳಿಯಿತು. ಮೂರು ವರ್ಷದ ಮೇಲೆ ಇಬ್ಬರು ಹೆಂಗಸರು ಅಲ್ಲಿನ ಕೆಲಸದವನಿಗೆ ದುಡ್ಡು ಕೊಟ್ಟು ಅದನ್ನು ಬಿಡಿಸಿಕೊಂಡು, ಸುರುಳಿ ಸುತ್ತಿ ಅಟ್ಟದ ಮೇಲೆ ಬಚ್ಚಿಟ್ಟರು. ಸಿಕ್ಕಿಬಿದ್ದಿದ್ದರೆ ಶಿಕ್ಷೆ ಖಂಡಿತ. 1956ರಲ್ಲಿ, ಸೆರೆಶಿಬಿರದಿಂದ ಬಿಡುಗಡೆಯಾಗಿ ಬಂದ ಫಾದರ್ ಯೂಜೆಫ್ ಗ್ರಾಸೆವಿಚ್ ಚಿತ್ರವನ್ನು ಇಂದಿನ ಬೆಲಾರೂಸಿನ ನೋವಾ ರುದಾ ಎಂಬ ಹಳ್ಳಿಯ ಚರ್ಚಿಗೆ ಒಯ್ದರು. 1970ರಲ್ಲಿ ಆ ಚರ್ಚಿಗೂ ಬೀಗ ಬಿತ್ತು. ಸರ್ಕಾರ ಅದನ್ನು ಉಗ್ರಾಣ ಮಾಡಹೊರಟಿತು. ಒಳಗಿದ್ದ ಸಾಮಾನನ್ನೆಲ್ಲ ಬೇರೆ ಊರಿಗೆ ಸಾಗಿಸಿದರು. ಗೋಡೆಯ ಮೇಲ್ಭಾಗದಲ್ಲಿ ತೂಗಿದ್ದ ಈ ಚಿತ್ರವನ್ನು ಇಳಿಸಲು ಅಷ್ಟುದ್ದದ ಏಣಿ ಸಿಗಲಿಲ್ಲ, ಹಾಗಾಗಿ ಅಲ್ಲೇ ಬಿಟ್ಟರು. ಗುರುಗಳಿಲ್ಲದ ಖಾಲಿ ಚರ್ಚಿನಲ್ಲಿ ಊರವರು ಅದರ ಕೆಳಗೆ ಸೇರಿ ಪ್ರಾರ್ಥನೆ ಮಾಡುತ್ತ ಬಂದರು. ಪವಾಡಗಳ ಪಟ್ಟಿಯಲ್ಲಿ ಈ ಏಣಿಯ ಸಂಗತಿಯನ್ನು ಯಾರೂ ಸೇರಿಸಿಲ್ಲ. ಸೇರಿಸಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ.

ಕಮ್ಯುನಿಸ್ಟರ ಕಾಟ ಇದಾದರೆ, ರೋಮಿನಿಂದ ಬಂದ ಪೆಟ್ಟು ಇನ್ನೊಂದು. 1959ರ ಮಾರ್ಚ್ 6ರಂದು ವ್ಯಾಟಿಕನ್ನಿನ ಹೋಲಿ ಆಫೀಸ್, ಫೌಸ್ತಿನಾ ಹೇಳಿದ ರೂಪದ ಚಿತ್ರಗಳನ್ನೂ ಬರಹಗಳನ್ನೂ ಹರಡಬಾರದೆಂದು ಆಜ್ಞೆ ಹೊರಡಿಸಿತು. ಎಷ್ಟೋ ಚರ್ಚುಗಳ ಗೋಡೆಯಿಂದ ಚಿತ್ರ ಕೆಳಗಿಳಿಯಿತು. ರೋಮಿನ ಅಧಿಕಾರಿಗಳ ಮೇಜಿಗೆ ಬಂದಿದ್ದುದು ತಪ್ಪುತಪ್ಪಾದ ಅನುವಾದ. ಕಬ್ಬಿಣದ ಪರದೆಯಾಚೆ ಇದ್ದ ಮೂಲ ಬರಹವನ್ನು ನೋಡುವ ದಾರಿ ಅವರಿಗಿರಲಿಲ್ಲ. ದರ್ಶನ ಕಂಡೆವೆನ್ನುವವರನ್ನು ಚರ್ಚು ಅನುಮಾನದಿಂದ ನೋಡುವುದರಲ್ಲಿ ಅರ್ಥವಿದೆ, ಕಂಡೆವೆನ್ನುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಆದರೂ ಕರುಣೆಯ ಮಾತನ್ನೇ ಜಪಿಸಿದ ಸೊಪೊಚ್ಕೊಗೆ ಸಿಕ್ಕಿದ್ದು ಛೀಮಾರಿ. 1975ರಲ್ಲಿ ಅವರು ತೀರಿಕೊಂಡಾಗಲೂ ನಿಷೇಧ ಇದ್ದೇ ಇತ್ತು.

ನಿಷೇಧದ ಬೀಗ ತೆಗೆಸಿದವರು ಕ್ರಾಕೊವ್‌ನ ಮಹಾಧರ್ಮಾಧ್ಯಕ್ಷ ಕಾರೊಲ್ ವೊಯ್ತಿವಾ. ನಾಜಿಗಳ ಕಾಲದಲ್ಲಿ ಅವರು ವಾಗಿಯೆವ್ನಿಕಿ ಬಳಿಯ ಸೊಲ್ವೇ ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿ. ಮರದ ಪಾದರಕ್ಷೆ ಹಾಕಿಕೊಂಡು ಆ ಮಠದ ಮುಂದೆಯೇ ಕೆಲಸಕ್ಕೆ ಹೋಗುತ್ತಿದ್ದರು. 1965ರಲ್ಲಿ ಅವರು ಫೌಸ್ತಿನಾಳ ಬದುಕಿನ ವಿಚಾರಣೆ ಶುರುಮಾಡಿಸಿದರು. ದಿನಚರಿಯ ಪರಿಶೀಲನೆ ಫಾದರ್ ಇಗ್ನಾತ್ಸಿ ರುಜಿತ್ಸ್ಕಿ ಪಾಲಿಗೆ ಬಂತು. ಇದೆಲ್ಲ ಭ್ರಮೆ ಎಂಬ ಗುಮಾನಿಯಲ್ಲೇ ಪುಟ ತೆರೆದ ಆ ದೇವಶಾಸ್ತ್ರಜ್ಞರು ವರ್ಷಗಟ್ಟಲೆ ಓದಿ, ಬರಹದಲ್ಲಿ ತಪ್ಪಿಲ್ಲ ಎಂದು ಷರಾ ಬರೆದರು. 1978ರ ಏಪ್ರಿಲ್ 15ರಂದು ರೋಮ್ ನಿಷೇಧ ಹಿಂತೆಗೆದುಕೊಂಡಿತು. ಆರು ತಿಂಗಳು ಕಳೆಯುವಷ್ಟರಲ್ಲಿ, ಮೈಕೆಲಾಂಜೆಲೊನ ಆ ತೀರ್ಪಿನ ಚಿತ್ರದ ಎದುರೇ ಮತ ಹಾಕಿದ ಕಾರ್ಡಿನಲ್‌ಗಳು ವೊಯ್ತಿವಾರನ್ನು ಪೋಪ್ ಆಗಿ ಆರಿಸಿದರು. ಎರಡನೆಯ ಜಾನ್ ಪಾಲ್ ಎಂಬ ಹೆಸರಿನಲ್ಲಿ ಅವರು 1980ರಲ್ಲಿ ದೇವರ ಕರುಣೆಯ ಬಗ್ಗೆಯೇ ವಿಶ್ವಪತ್ರ ಬರೆದರು, 1986ರ ಫೆಬ್ರವರಿಯಲ್ಲಿ ಮಂಗಳೂರಿಗೂ ಬಂದುಹೋದರು. ಅದೇ ವರ್ಷದ ಕೊನೆಗೆ ನೋವಾ ರುದಾದ ಚಿತ್ರವನ್ನು ರಾತ್ರೋರಾತ್ರಿ ಇಳಿಸಿ, ಆ ಜಾಗದಲ್ಲಿ ನಕಲು ತೂಗುಹಾಕಿ, ಮೂಲವನ್ನು ವಿಲ್ನಿಯಸ್‌ನ ಪವಿತ್ರಾತ್ಮರ ಚರ್ಚಿಗೆ ಗುಟ್ಟಾಗಿ ಸಾಗಿಸಲಾಯಿತು.

2000ದ ಏಪ್ರಿಲ್ 30ರಂದು ಫೌಸ್ತಿನಾ ಸಂತಪದವಿಗೇರಿದಳು. ಪಾಸ್ಕ ಹಬ್ಬದ ನಂತರದ ಭಾನುವಾರ ದೈವಕರುಣೆಯ ಭಾನುವಾರವಾಯಿತು. ಕರ್ನಾಟಕದ ಚರ್ಚುಗಳಲ್ಲೂ ಅದನ್ನು ಆಚರಿಸುತ್ತಾರೆ. 2002ರಲ್ಲಿ ವಾಗಿಯೆವ್ನಿಕಿಯ ಹೊಸ ಮಹಾದೇವಾಲಯವನ್ನು ಪ್ರತಿಷ್ಠಾಪಿಸಲು ಬಂದ ವೃದ್ಧ ಪೋಪ್ ತಮ್ಮ ಮರದ ಪಾದರಕ್ಷೆಯ ದಿನಗಳನ್ನು ನೆನೆದರು. 2005ರ ಏಪ್ರಿಲ್ 2ರಂದು, ಆ ಭಾನುವಾರದ ಹಿಂದಿನ ರಾತ್ರಿ, ಅವರು ತೀರಿಕೊಂಡರು.

ಮೂಲಚಿತ್ರದ ಅಲೆದಾಟ ಅಲ್ಲಿಗೂ ನಿಲ್ಲಲಿಲ್ಲ. ತೇವಕ್ಕೆ ಕೆಟ್ಟು, ಮೇಲೆ ಯಾರ‍್ಯಾರೋ ಬಣ್ಣ ಬಳಿದಿದ್ದ ಅದನ್ನು 2003ರಲ್ಲಿ ಶುಚಿಮಾಡಿ ಮೊದಲಿನ ರೂಪಕ್ಕೆ ತಂದರು. 2005ರಲ್ಲಿ ಅದಕ್ಕೆಂದೇ ಸಜ್ಜುಗೊಳಿಸಿದ ವಿಲ್ನಿಯಸ್‌ನ ಇನ್ನೊಂದು ದೇವಾಲಯಕ್ಕೆ ಸಾಗಿಸಲು ಅಲ್ಲಿನ ಕಾರ್ಡಿನಲ್ ಅಪ್ಪಣೆ ಮಾಡಿದಾಗ ಪವಿತ್ರಾತ್ಮರ ಚರ್ಚಿನ ಪೋಲಿಷ್ ಭಕ್ತರು ತಕರಾರು ತೆಗೆದರು. ಕಷ್ಟಕಾಲದಲ್ಲಿ ಆಸರೆ ಕೊಟ್ಟವರು ನಾವು, ಈಗ ಕಿತ್ತುಕೊಂಡು ಹೋಗುವುದೇಕೆ ಎಂಬ ಅಸಮಾಧಾನ ಅವರದು. ಅದರ ಹಿಂದೆ ಆ ಊರಿನ ಪೋಲಿಷರಿಗೂ ಲಿಥುವೇನಿಯನ್ನರಿಗೂ ನಡುವಿನ ಹಳೆಯ ಮುನಿಸೂ ಸೇರಿತ್ತು. ಕಾರ್ಡಿನಲ್ ಪಟ್ಟು ಬಿಡಲಿಲ್ಲ. ಚಿತ್ರ ಹೊಸ ಜಾಗಕ್ಕೆ ಹೋಯಿತು.