ಮೂತ್ರಪಿಂಡರೋಗದ ಅರಿವು: ಸೊರಬ–ಶಿಕಾರಿಪುರ ಸೀಮೆಯ ಇತಿಹಾಸದಿಂದ ಒಂದು ಅವಲೋಕನ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯೂ ನೆರೆಯ ಶಿಕಾರಿಪುರ ತಾಲ್ಲೂಕೂ ಪ್ರಾಚೀನ ಬನವಾಸಿ ನಾಡಿಗೆ ಸೇರಿದವು. ಇಲ್ಲಿನ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಪ್ರಕಟಿಸಿದಂದಿನಿಂದ ಈ ಸೀಮೆಯ ರಾಜಕೀಯ ಮತ್ತು ಧಾರ್ಮಿಕ ಚರಿತ್ರೆ ಬಹುಮಟ್ಟಿಗೆ ಬೆಳಕಿಗೆ ಬಂದಿದೆ. ಜನರ ರೋಗರುಜಿನಗಳ ಚರಿತ್ರೆಯಾದರೋ ಅಷ್ಟು ಸುಲಭವಾಗಿ ಕೈಗೆಟುಕುವುದಿಲ್ಲ. ತುರುಗಳನ್ನು ಕಾಯುತ್ತ ಬಾಣಕ್ಕೆ ಬಲಿಯಾದವನಿಗೆ ವೀರಗಲ್ಲುಂಟು. ಮೈ ಬಾತು, ಮೂತ್ರ ಕಟ್ಟಿ, ಮನೆಯೊಳಗೆ ತೀರಿಕೊಂಡವನಿಗೆ ಕಲ್ಲು ನೆಡುವ ವಾಡಿಕೆಯಿರಲಿಲ್ಲ. ಮೂತ್ರಪಿಂಡರೋಗವು ಚರಿತ್ರಕಾರನ ಕಣ್ಣಿಗೆ ಬೀಳದಿರಲು ಇದೊಂದು ಕಾರಣ.

ಹಾಗೆಂದು ರೋಗಿಗಳ ಶುಶ್ರೂಷೆ ಈ ನಾಡಿಗೆ ಹೊಸತಲ್ಲ. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. 1162ರ ಬಳ್ಳಿಗಾವೆಯ ಶಾಸನವು ಅಲ್ಲಿನ ಕೋಡಿಯಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿದ್ದ ಆ ಮಠದಲ್ಲಿಯೇ ದೀನರಿಗೂ ಕುರುಡರಿಗೂ ಕುಂಟರಿಗೂ ಅನ್ನವೂ, ಅನಾಥ ರೋಗಿಗಳಿಗೆ ನಾನಾ ಬಗೆಯ ಔಷಧವೂ ದೊರೆಯುತ್ತಿದ್ದುವೆಂದು ಅದರಿಂದ ವಿದಿತವಾಗುತ್ತದೆ. ವಿದ್ಯೆ ಮತ್ತು ವೈದ್ಯ ಒಂದೇ ಸೂರಿನಡಿಯಲ್ಲಿದ್ದುದು ಗಮನಾರ್ಹ.

ಆದರೆ ಆ ಕಾಲದ ವೈದ್ಯಶಾಸ್ತ್ರಕ್ಕೆ ಈ ರೋಗ ಎಷ್ಟು ತಿಳಿದಿತ್ತು? ಅಶ್ಮರಿ, ಮೂತ್ರಕೃಚ್ಛ್ರ, ಮೂತ್ರಾಘಾತ, ಪ್ರಮೇಹ ಇವುಗಳ ಲಕ್ಷಣಗಳನ್ನು ಚರಕ–ಸುಶ್ರುತ ಸಂಹಿತೆಗಳು ಸೂಕ್ಷ್ಮವಾಗಿ ನಿರೂಪಿಸಿವೆ. 'ವೃಕ್ಕ'ವೆಂಬ ಅಂಗವೂ ಅವುಗಳಿಗೆ ಪರಿಚಿತವೇ. ಆದರೆ ಚರಕಸಂಹಿತೆ ಅದನ್ನು ಮೇದಸ್ಸಿನ ಸ್ರೋತಸ್ಸಿನ ಮೂಲವೆಂದು ಎಣಿಸಿತು. ಮೂತ್ರಕ್ಕೆ ಸಂಬಂಧಪಟ್ಟದ್ದು ಬಸ್ತಿ. ಎಂದರೆ, ರೋಗದ ಚಿಹ್ನೆಗಳೂ ಅಂಗವೂ ಗೊತ್ತಿದ್ದುವು, ಅವೆರಡರ ನಡುವಣ ನಂಟು ಗೊತ್ತಿರಲಿಲ್ಲ. ಯೂರೋಪಿನಲ್ಲಿಯೂ ಈ ನಂಟು ದೃಢಪಟ್ಟುದು ತಡವಾಗಿಯೇ. ಮೈಬಾವು, ಮೂತ್ರದಲ್ಲಿನ ಆಲ್ಬುಮಿನ್ ಮತ್ತು ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಒಟ್ಟಿಗೆ ಕಂಡು ಲಂಡನ್ನಿನ ರಿಚರ್ಡ್ ಬ್ರೈಟ್ ತನ್ನ ವರದಿಯನ್ನು ಪ್ರಕಟಿಸಿದ್ದು 1827ರಲ್ಲಿ.

ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದುವು. ಹೊಸದೊಂದು ವೈರಸ್ ಗುರುತಿಸಲ್ಪಟ್ಟು ಕಾಡಿನ ಹೆಸರು ಜಗತ್ತಿಗೆ ತಿಳಿಯಿತು. ಮೂತ್ರಪಿಂಡರೋಗಕ್ಕೆ ಅಂತಹ ಮುನ್ಸೂಚಕರಿಲ್ಲ. ಅಂಗದ ಶಕ್ತಿ ಬಹುಪಾಲು ಕುಂದುವವರೆಗೂ ರೋಗಿಗೆ ನೋವಿಲ್ಲ; ಗದ್ದೆಯ ಕೆಲಸ ನಿಲ್ಲುವುದಿಲ್ಲ. ಮಧುಮೇಹ ಮತ್ತು ಏರಿದ ರಕ್ತದೊತ್ತಡ ಇದರ ಮುಖ್ಯ ಕಾರಣಗಳು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಮಾತ್ರೆಗಳೂ ಅಪಾಯಕರ. ಕೆಸರುಗದ್ದೆಯಲ್ಲಿ ತಗಲುವ ಇಲಿಜ್ವರ ಹಾಗೂ ಕೊಳಕುಮಂಡಲದ ಕಡಿತ ಕೆಲವೇ ದಿನಗಳಲ್ಲಿ ಮೂತ್ರಪಿಂಡವನ್ನು ನಿಲ್ಲಿಸಬಲ್ಲುವು. 14ನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕೇ ಮೀಸಲಾದ 'ಖಗೇಂದ್ರಮಣಿದರ್ಪಣ'ವನ್ನು ಕನ್ನಡದಲ್ಲಿ ರಚಿಸಿದನೆಂಬುದನ್ನು ನೆನೆದರೆ, ನಮ್ಮ ಪೂರ್ವಿಕರು ಹಾವಿನ ವಿಷವನ್ನು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದು ಅರಿವಾಗುತ್ತದೆ.

ಚಿಕಿತ್ಸೆಯ ಚರಿತ್ರೆ ತೀರ ಈಚಿನದು. ನೆದರ್ಲೆಂಡ್ಸಿನ ವಿಲ್ಲೆಮ್ ಕೋಲ್ಫ್ 1943ರಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಗಳಿಗೆ ಬಳಸತೊಡಗಿದನು. 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿ ಫಲಿಸಿತು. ವೆಲ್ಲೂರಿನಲ್ಲಿ 1971ರಲ್ಲಿ ಆ ಕಾರ್ಯ ನೆರವೇರಿತು. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಆದರೂ ವಾರಕ್ಕೆ ಎರಡು ಮೂರು ಸಲ ಹಳ್ಳಿಯಿಂದ ಆಸ್ಪತ್ರೆಗೆ ಹೋಗಿಬರುವ ಕೂಲಿಕಾರನ ಮನೆಯಲ್ಲಿ ದುಡಿಮೆಯ ದಿನಗಳೇ ಕರಗುತ್ತವೆ.

ಆದುದರಿಂದ ಮೊದಲೇ ಅರಿಯುವುದೇ ಮೇಲು. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ತೋಳಿನಲ್ಲಿ ರಕ್ತದೊತ್ತಡ ಈ ಮೂರು ಪರೀಕ್ಷೆಗಳು ಕಷ್ಟದವಲ್ಲ. ಬ್ರೈಟನು ಮರಣೋತ್ತರವಾಗಿ ಕಂಡುದನ್ನು ನಾವು ರೋಗಿ ನಡೆದಾಡುತ್ತಿರುವಾಗಲೇ ಕಾಣಬಹುದು. ಇದನ್ನು ಹಳ್ಳಿಯ ಮನೆಗಳಿಗೆ ಮುಟ್ಟಿಸುವ ಹೊಣೆ ವೈದ್ಯರದಷ್ಟೇ ಅಲ್ಲ, ಕಾಲೇಜುಗಳದೂ ಹೌದು. ವಿದ್ಯಾಪೀಠವೇ ರೋಗಿಗೂ ಆಸರೆಯಾಗಿದ್ದ ಕೋಡಿಯಮಠದ ನಾಡಿನಲ್ಲಿ ಈ ಮಾತು ವಿಚಿತ್ರವೆನಿಸಲಾರದು.